ಇಪ್ಪತ್ತೆರಡನೇ ನಂಬರಿನ ಬಸ್ಸು

ಕ್ಯಾಲಿಫೋರ್ನಿಯಕ್ಕೆ ಹೋಗಿಬಂದ ಕನ್ನಡಿಗರು ಗೋಲ್ಡನ್ ಗೇಟ್ ಸೇತುವೆಯ ಬಗ್ಗೆ, ಯೊಸೆಮಿಟಿಯ ಬಂಡೆಗಳ ಬಗ್ಗೆ, ಲಿವರ್‌ಮೋರ್ ದೇವಸ್ಥಾನದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನಾನೂ ಅವನ್ನೆಲ್ಲ ನೋಡಿದೆ, ಯಾವುದಕ್ಕೂ ಮೋಸವಿಲ್ಲ. ಆದರೆ ಅಲ್ಲಿ ಕಂಡ ಸೋಜಿಗಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ ನಾನು ಒಂದು ಸಿಟಿ ಬಸ್ಸಿನ ಹೆಸರು ಹೇಳುತ್ತೇನೆ. ನಂಬರು 22.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಗ್ಗುಲಿನ ಪಾಲೊ ಆಲ್ಟೊ ನಿಲ್ದಾಣದಿಂದ ಹೊರಡುವ ಈ ಬಸ್ಸು ಎಲ್ ಕಮಿನೊ ರಿಯಲ್ ಎಂಬ ಹಳೆಯ ಹೆದ್ದಾರಿ ಹಿಡಿದು ಮೌಂಟನ್ ವ್ಯೂ, ಸನ್ನಿವೇಲ್, ಸಾಂಟಾ ಕ್ಲಾರಾ ದಾಟಿ, ಸ್ಯಾನ್ ಹೋಸೆ ಪೇಟೆಯೊಳಗೆ ಹಾದು, ಊರಿನ ಪೂರ್ವದಲ್ಲಿರುವ ಈಸ್ಟ್‌ರಿಡ್ಜ್ ಮಾಲ್ ಹತ್ತಿರ ನಿಲ್ಲುತ್ತದೆ. ಆ ತುದಿಯಿಂದ ಈ ತುದಿಗೆ ಸುಮಾರು ಎರಡು ಗಂಟೆ. ದಾರಿಯ ಎಡಕ್ಕೆ ಗೂಗಲ್, ಬಲಕ್ಕೆ ಆ್ಯಪಲ್. ವರ್ಷಗಟ್ಟಲೆ ಈ ಕಣಿವೆಯಲ್ಲಿ ರಾತ್ರಿಯಿಡೀ ಓಡುತ್ತಿದ್ದ ಬಸ್ಸು ಇದೊಂದೇ. ಹಾಗಾಗಿ ಮನೆಯಿಲ್ಲದವರು ಇದನ್ನೇ ಮಲಗುವ ಮನೆ ಮಾಡಿಕೊಂಡರು. ಟಿಕೆಟ್ ಕೊಂಡು ಹತ್ತುವುದು, ಕೊನೆಯ ನಿಲ್ದಾಣದವರೆಗೆ ನಿದ್ದೆ, ಅಲ್ಲಿ ಇಳಿದು ಚಳಿಯಲ್ಲಿ ನಿಲ್ಲುವುದು, ಮುಂದಿನ ಬಸ್ಸಿನಲ್ಲಿ ಮತ್ತೆ ವಾಪಸು. ಜನ ಇದಕ್ಕೆ ‘ಹೋಟೆಲ್ 22’ ಎಂದು ಹೆಸರಿಟ್ಟರು. ಎಲಿಜಬೆತ್ ಲೋ ಎಂಬ ನಿರ್ದೇಶಕಿ ಇದೇ ಹೆಸರಿನ ಚಿಕ್ಕ ಸಾಕ್ಷ್ಯಚಿತ್ರವನ್ನೂ ತೆಗೆದಿದ್ದಾರೆ.

ನನ್ನ ಮಗಳ ಮನೆ ಸನ್ನಿವೇಲ್‌ನಲ್ಲಿ. ಹೊಸದಾಗಿ ಬಂದಿಳಿದವರಿಗೆ ನಡುರಾತ್ರಿ ಎಚ್ಚರವಾಗುವ ಜೆಟ್‌ಲ್ಯಾಗ್ ಕಾಯಿಲೆ ಇರುತ್ತದಲ್ಲ, ಅದು ನನಗೆ ಉಪಕಾರವನ್ನೇ ಮಾಡಿತು. ಬೆಳಗಿನ ಜಾವ ಎದ್ದು, ಅಳಿಯನ ಸ್ವೆಟರ್ ಹಾಕಿಕೊಂಡು, ಎಲ್ ಕಮಿನೊದ ನಿಲ್ದಾಣಕ್ಕೆ ನಡೆದೆ. ಬಂದ ಬಸ್ಸು ಎರಡು ಬೋಗಿ ಸೇರಿಸಿದಷ್ಟು ಉದ್ದ, ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆ. ಹಿಂದಿನ ಸೀಟುಗಳಲ್ಲಿ ಜನ ಕಿಟಕಿಗೆ ತಲೆಯಾನಿಸಿ ಮಲಗಿದ್ದರು. ಚೀಲದ ಪಟ್ಟಿಯನ್ನು ಎಲ್ಲರೂ ಮುಂಗೈಗೆ ಸುತ್ತಿಕೊಂಡಿದ್ದರು. ಒಬ್ಬ ಹೆಂಗಸು ಬೂಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು. ಬಸ್ಸು ನಿಂತಾಗ ಯಾರೂ ಕಣ್ಣು ಬಿಡುತ್ತಿರಲಿಲ್ಲ, ಒಳಗಿನ ದೀಪ ಜೋರಾದರೆ ಮಾತ್ರ ಬಿಡುತ್ತಿದ್ದರು.

ನನ್ನ ಎದುರಿಗಿದ್ದವನು ಎಚ್ಚರವಾಗಿದ್ದ. ಅರವತ್ತರ ಹತ್ತಿರದವನು. ಕೈಹಿಡಿಯುವ ಕಂಬಿಗೆ, ಡ್ರೈಕ್ಲೀನಿಂಗ್ ಪ್ಲಾಸ್ಟಿಕ್ಕಿನೊಳಗೆ, ಇಸ್ತ್ರಿ ಮಾಡಿದ ಒಂದು ಷರಟನ್ನು ತೂಗುಹಾಕಿದ್ದ. ಅದರ ತೋಳಿನ ಮೇಲೆ ಸೆಕ್ಯುರಿಟಿ ಗಾರ್ಡುಗಳ ಬಿಲ್ಲೆ ಕಾಣುತ್ತಿತ್ತು. ಮಾತಿಗೆ ಅವನೇ ಶುರುಮಾಡಿದ. ಮಗಳನ್ನು ನೋಡಲು ಬಂದಿದ್ದೇನೆ ಎಂದಾಗ, ಯಾವ ಕಂಪನಿ ಎಂದು ಕೇಳಿ, ಹೆಸರು ಹೇಳಿದ ಕೂಡಲೆ ನಕ್ಕು, ಅದರ ಪಾರ್ಕಿಂಗ್ ಜಾಗದಲ್ಲಿ ತಾನು ಕೆಲಸ ಮಾಡಿದ್ದೇನೆ ಎಂದ. ಬಾಡಿಗೆಗಿದ್ದ ಮನೆಯನ್ನು ಮಾಲೀಕ ಮಾರಿಬಿಟ್ಟನಂತೆ. ಮೊದಲು ತಂಗಿಯ ಮನೆಯ ಸೋಫಾ, ಆಮೇಲೆ ಮೋಟೆಲ್, ಆಮೇಲೆ ಕಾರು. ಕಾರು ಕೆಟ್ಟ ಮೇಲೆ ಈ ಬಸ್ಸು. ಷರಟಿಗೆ ಮಾತ್ರ ಸುಕ್ಕು ಬೀಳಬಾರದು, ಬಿದ್ದರೆ ಕೆಲಸ ಹೋಗುತ್ತದೆ ಎಂದ.

ಕೆಲಸವಿದ್ದೂ ಮನೆಯಿಲ್ಲ ಎಂಬುದನ್ನು ಒಪ್ಪಲು ನಮ್ಮಂಥವರಿಗೆ ಸ್ವಲ್ಪ ಹೊತ್ತು ಬೇಕು. ಹಗಲು ಮಗಳ ಡೈನಿಂಗ್ ಟೇಬಲ್ಲಿನಲ್ಲಿ ಕೂತು ಲೆಕ್ಕ ಹಾಕಿದೆ. 2025ರಲ್ಲಿ ಸ್ಯಾನ್ ಹೋಸೆಯ ಕನಿಷ್ಠ ಕೂಲಿ ಗಂಟೆಗೆ 17.95 ಡಾಲರ್. ವಾರಕ್ಕೆ ನಲವತ್ತು ಗಂಟೆ ದುಡಿದರೆ ತಿಂಗಳಿಗೆ 3,100 ಡಾಲರ್ ಆಸುಪಾಸು, ಅದೂ ತೆರಿಗೆ ಮುರಿದುಕೊಳ್ಳುವ ಮೊದಲು. ಎರಡು ಮಲಗುವ ಕೋಣೆಯ ಸಾಧಾರಣ ಮನೆಯ ಬಾಡಿಗೆಯೇ ಹೆಚ್ಚೂಕಡಿಮೆ ಅಷ್ಟು. ಸಂಬಳವೆಲ್ಲ ಬಾಡಿಗೆಗೆ ಸುರಿಯುತ್ತೇನೆಂದರೂ ಮನೆ ಸಿಗುವುದಿಲ್ಲ, ಏಕೆಂದರೆ ಬಾಡಿಗೆಯ ಎರಡೂವರೆ ಮೂರು ಪಟ್ಟು ಆದಾಯ ತೋರಿಸು ಎನ್ನುವುದು ಅಲ್ಲಿಯ ಮಾಲೀಕರ ರೂಢಿ. ಅಡ್ವಾನ್ಸನ್ನು 2024ರ ಜುಲೈನಿಂದ ಕಾನೂನು ಒಂದು ತಿಂಗಳ ಬಾಡಿಗೆಗೆ ಇಳಿಸಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವನಿಗೆ ಇದು ಔದಾರ್ಯವಾಗಿಯೇ ಕಂಡಿತು. ಆದರೆ ಅರ್ಜಿ ಹಾಕಲು ಶುಲ್ಕ, ಆಮೇಲೆ ಕ್ರೆಡಿಟ್ ಸ್ಕೋರ್, ಹಿಂದೆ ಯಾರಾದರೂ ಕೋರ್ಟಿಗೆ ಹೋಗಿ ಮನೆ ಬಿಡಿಸಿದ್ದರೆ ಅದರ ದಾಖಲೆ. ಒಮ್ಮೆ ಜಾರಿದವನು ಮೇಲೆ ಬರಲು ಇಷ್ಟೆಲ್ಲ ಬಾಗಿಲು ತಟ್ಟಬೇಕು. ಬಡವರ ಬಾಡಿಗೆಗೆ ಕೇಂದ್ರ ಸರ್ಕಾರದ ನೆರವೂ ಇದೆ, ಸೆಕ್ಷನ್ 8 ಎನ್ನುತ್ತಾರೆ. ಆದರೆ ಅರ್ಹ ಕುಟುಂಬಗಳಲ್ಲಿ ಇಂಥ ನೆರವು ಸಿಗುವುದು ಸುಮಾರು ನಾಲ್ಕರಲ್ಲಿ ಒಂದಕ್ಕೆ. ಉಳಿದ ಮೂರಕ್ಕೆ ಇಲ್ಲ.

ಮೌಂಟನ್ ವ್ಯೂನ ರೈಲು ಹಳಿಯ ಪಕ್ಕದಲ್ಲಿ ಕ್ರಿಸಾಂಟೊ ಅವೆನ್ಯೂ ಎಂಬ ಬೀದಿಯಿದೆ. ಒಳಗೇ ಮನೆಯಿರುವಂಥ ದೊಡ್ಡ ವ್ಯಾನುಗಳನ್ನು ಅಲ್ಲಿ ಆರ್.ವಿ. ಎನ್ನುತ್ತಾರೆ, ನಿವೃತ್ತರಾದವರು ಕಾಡು ಮೇಡು ಸುತ್ತಲು ಕೊಳ್ಳುವ ಗಾಡಿ. ವರ್ಷಗಳ ಕಾಲ ಈ ಬೀದಿಯುದ್ದಕ್ಕೂ ಅವುಗಳ ಸಾಲು. 2020ರ ನವೆಂಬರಿನಲ್ಲಿ ಊರಿನ ಮತದಾರರು ಕಿರಿದಾದ ಬೀದಿಗಳಲ್ಲಿ ಇವನ್ನು ನಿಲ್ಲಿಸಕೂಡದು ಎಂದು ಓಟು ಹಾಕಿದರು. ಗಾಡಿಗಳು ಅಗಲ ಬೀದಿಗಳಿಗೆ, ಪಕ್ಕದ ಊರುಗಳಿಗೆ ಸರಿದವು, ಅಷ್ಟೆ. ನಾನು ನಡೆದ ಬೀದಿಯೊಂದರಲ್ಲಿ ಹತ್ತಾರು ನಿಂತಿದ್ದವು. ಸೂರಿನ ಮೇಲೆ ನೀಲಿ ತಾಡಪಾಲು, ಒಂದರ ನೆತ್ತಿಯಲ್ಲಿ ಸೋಲಾರ್ ಹಲಗೆ, ಬಂಪರಿನ ಮೇಲೆ ಬಕೆಟ್ಟಿನಲ್ಲಿ ಪುದೀನ ಮತ್ತು ಮೆಣಸಿನಗಿಡ. ಒಬ್ಬ ಪಾರ್ಕಿನ ನಲ್ಲಿಯಿಂದ ಐದು ಗ್ಯಾಲನ್ ಕ್ಯಾನುಗಳಲ್ಲಿ ನೀರು ಹೊತ್ತು ತರುತ್ತಿದ್ದ. ಎಂಟು ಗಂಟೆಯ ಹೊತ್ತಿಗೆ ಒಂದು ಗಾಡಿಯ ಬಾಗಿಲು ತೆರೆದು, ತಲೆಗೆ ನೀರು ಹಚ್ಚಿ ಬಾಚಿದ ಇಬ್ಬರು ಮಕ್ಕಳು ಸ್ಕೂಲ್ ಬ್ಯಾಗ್ ಹಾಕಿಕೊಂಡು ಇಳಿದರು. ವಿಳಾಸವಿಲ್ಲವೆಂದು ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂಬ ಕಾನೂನು ಅಮೆರಿಕದಲ್ಲಿ 1987ರಿಂದ ಇದೆ. ಒಳ್ಳೆಯ ಕಾನೂನು. ಇಂಥ ಕಾನೂನು ಬೇಕಾಯಿತಲ್ಲ ಎಂಬುದು ಬೇರೆ ಮಾತು.

ಈ ಗಾಡಿಗಳಲ್ಲಿ ಕೆಲವಕ್ಕೂ ಮಾಲೀಕರಿದ್ದಾರೆ ಎಂದು ಆಮೇಲೆ ತಿಳಿಯಿತು. ಎಂಜಿನ್ ಸತ್ತ ಹಳೆಯ ವ್ಯಾನು ಅಗ್ಗಕ್ಕೆ ಕೊಂಡು, ಬೀದಿಗೆ ಎಳೆದು ತಂದು ನಿಲ್ಲಿಸಿ, ತಿಂಗಳ ಬಾಡಿಗೆಗೆ ಕೊಡುವವರು. ‘ವ್ಯಾನ್‌ಲಾರ್ಡ್’ ಎಂದು ಅವರಿಗೆ ಹೆಸರು. ಸರ್ಕಾರಿ ರಸ್ತೆ, ಓಡದ ಗಾಡಿ, ಅದಕ್ಕೂ ಬಾಡಿಗೆ!

ಗಾಡಿಯೂ ಇಲ್ಲದವರಿಗೆ ಟೆಂಟೇ ಗತಿ. ಸ್ಯಾನ್ ಹೋಸೆಯ ಕಯೊಟಿ ಕ್ರೀಕ್ ಎಂಬ ಹಳ್ಳದ ದಡದಲ್ಲಿ ‘ದಿ ಜಂಗಲ್’ ಎಂದು ಜನ ಕರೆಯುತ್ತಿದ್ದ ಬಿಡಾರವಿತ್ತು. 68 ಎಕರೆ, ಮುನ್ನೂರರಷ್ಟು ಜನ; ಇಡೀ ದೇಶದಲ್ಲೇ ದೊಡ್ಡ ಬಿಡಾರಗಳಲ್ಲಿ ಒಂದು. ಮರದ ಮೇಲೆ ಗುಡಿಸಲು, ನೆಲ ಕೊರೆದು ಗುಹೆ, ಹಲಗೆಯ ಸೇತುವೆ, ಎಲ್ಲ ಇದ್ದವಂತೆ. 2014ರ ಡಿಸೆಂಬರ್ 4ರಂದು ನಗರಸಭೆ ಬುಲ್ಡೋಜರ್ ತಂದು ತೆರವು ಮಾಡಿಸಿತು. ಈಗ ಆ ಜಾಗಕ್ಕೆ ಬೇಲಿಯಿದೆ. ಆದರೆ ಹಳ್ಳದ ಗುಂಟ ಇನ್ನಷ್ಟು ದೂರ ನಡೆದರೆ ಪೊದೆಗಳ ನಡುವೆ ಮತ್ತೆ ಟೆಂಟು, ಮತ್ತೆ ಶಾಪಿಂಗ್ ಗಾಡಿ, ಮತ್ತೆ ಸೈಕಲ್ ಚಕ್ರಗಳ ಗುಡ್ಡೆ. ಬಾಟಲಿ, ಕ್ಯಾನು ತುಂಬಿದ ಕಪ್ಪು ಚೀಲಗಳನ್ನು ಒಬ್ಬಳು ಎಣಿಸಿ ಕಟ್ಟುತ್ತಿದ್ದಳು. ಕ್ಯಾಲಿಫೋರ್ನಿಯದಲ್ಲಿ ಚಿಕ್ಕ ಬಾಟಲಿ ಮರಳಿಸಿದರೆ ಐದು ಸೆಂಟು, ದೊಡ್ಡದಕ್ಕೆ ಹತ್ತು. ಒಂದು ಹೊತ್ತಿನ ಬರ್ಗರ್ ಕೊಳ್ಳಲು ನೂರಾರು ಬಾಟಲಿ ಹೆಕ್ಕಬೇಕು.

ಅವಳಿಗೆ ಟೆಂಟಿಗಿಂತ ದೊಡ್ಡ ಚಿಂತೆ ಸ್ವೀಪಿನದು. ತೆರವು ಮಾಡುವುದನ್ನು ಅಲ್ಲಿ ಸ್ವೀಪ್ ಎನ್ನುತ್ತಾರೆ. ಮೊದಲೇ ಚೀಟಿ ಅಂಟಿಸಿರುತ್ತಾರೆ, ನಿಜ. ಆದರೆ ಆ ಹೊತ್ತಿಗೆ ಆಸ್ಪತ್ರೆಗೋ ಕೂಲಿಗೋ ಹೋಗಿದ್ದರೆ ಟೆಂಟಿನ ಜೊತೆ ಮಾತ್ರೆ, ಫೋನು, ಗುರುತಿನ ಚೀಟಿ ಎಲ್ಲವೂ ಕಸದ ಲಾರಿಗೆ. ಗುರುತಿನ ಚೀಟಿ ಇಲ್ಲದೆ ಮನೆಯ ಅರ್ಜಿ ಇಲ್ಲ. ಜನನ ಪತ್ರ ಇಲ್ಲದೆ ಗುರುತಿನ ಚೀಟಿ ಇಲ್ಲ. ಅಂಚೆ ವಿಳಾಸ ಇಲ್ಲದೆ ಜನನ ಪತ್ರ ತರಿಸುವುದು ಕಷ್ಟ. ನಮ್ಮ ತಾಲ್ಲೂಕು ಕಚೇರಿಗಳಿಗೆ ಅಲೆದವರಿಗೆ ಈ ಸುತ್ತು ಚೆನ್ನಾಗಿ ಅರ್ಥವಾಗುತ್ತದೆ.

ಭಾನುವಾರ ಮಗಳ ಮನೆಯಲ್ಲಿ ಸ್ನೇಹಿತರು ಸೇರಿದ್ದರು. ಬಿಸಿಬೇಳೆಬಾತಿನ ಜೊತೆಗೆ ನಾನು ಬಸ್ಸಿನ ಮಾತೆತ್ತಿದೆ. ಎಲ್ಲರೂ ಒಳ್ಳೆಯ ಹುಡುಗರು, ದೇಣಿಗೆ ಕೊಡುವವರು. ಆದರೆ ತೀರ್ಪು ಆಗಲೇ ಆಗಿಹೋಗಿತ್ತು. “ಎಲ್ಲ ಡ್ರಗ್ಸ್ ಅಂಕಲ್.” “ಇಲ್ಲಿ ಚಳಿ ಕಡಿಮೆ, ಬೇರೆ ರಾಜ್ಯದವರೆಲ್ಲ ಇಲ್ಲಿಗೇ ಬರ್ತಾರೆ.” “ಮನೆ ಕೊಟ್ರೂ ಹೋಗಲ್ಲ.”

ಈ ಮಾತುಗಳನ್ನು ಪರೀಕ್ಷಿಸಲು ಅಂಕಿಅಂಶವಿದೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರು 2023ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದ್ದಾರೆ. ಮಾರ್ಗೊ ಕುಶೆಲ್ ಎಂಬ ವೈದ್ಯೆ ಅದರ ಮುಖ್ಯಸ್ಥೆ. ರಾಜ್ಯದುದ್ದಕ್ಕೂ ಸುಮಾರು 3,200 ಮನೆಯಿಲ್ಲದವರನ್ನು ಮಾತನಾಡಿಸಿದ್ದಾರೆ. ಹತ್ತರಲ್ಲಿ ಒಂಬತ್ತು ಮಂದಿ ಮನೆ ಕಳೆದುಕೊಂಡದ್ದು ಕ್ಯಾಲಿಫೋರ್ನಿಯದಲ್ಲೇ. ನಾಲ್ಕರಲ್ಲಿ ಮೂವರು ಈಗಲೂ ಇರುವುದು ಕೊನೆಯ ಮನೆಯಿದ್ದ ಅದೇ ಕೌಂಟಿಯಲ್ಲಿ. ಬೀದಿಗೆ ಬೀಳುವ ಮೊದಲಿನ ಆರು ತಿಂಗಳಲ್ಲಿ ಅವರ ಕುಟುಂಬದ ತಿಂಗಳ ಆದಾಯದ ಮಧ್ಯಾಂಕ 960 ಡಾಲರ್. ಬಾಡಿಗೆ ಕರಾರು ಇದ್ದವರಿಗೂ ಮನೆ ಬಿಡಬೇಕೆಂದು ತಿಳಿದದ್ದು ಹತ್ತು ದಿನ ಮೊದಲು. ಇನ್ನೊಬ್ಬರ ಮನೆಯಲ್ಲಿ ಹೇಗೋ ಇದ್ದವರಿಗೆ ಒಂದೇ ದಿನ. ಒಂಟಿ ವಯಸ್ಕರಲ್ಲಿ ಅರ್ಧಕ್ಕರ್ಧ ಐವತ್ತು ದಾಟಿದವರು. ಬಸ್ಸಿನಲ್ಲಿ ಕಂಡವನ ಕಥೆ ಅಪರೂಪದ್ದಲ್ಲ, ಸರಾಸರಿ ಕಥೆ.

ಡ್ರಗ್ಸ್ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅದೇ ಅಧ್ಯಯನದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರು ಮೆಥ್ ಎಂಬ ಮಾದಕವಸ್ತುವನ್ನು ನಿಯಮಿತವಾಗಿ ತೆಗೆದುಕೊಳ್ಳುತ್ತಿದ್ದರು. ರಾತ್ರಿ ಎಚ್ಚರವಾಗಿದ್ದು ಸಾಮಾನು ಕಾಯಬೇಕು, ಅದಕ್ಕೂ ಅದು ಬೇಕು ಎನ್ನುವವರಿದ್ದಾರೆ. ಆದರೆ ಡ್ರಗ್ಸೇ ಟೆಂಟುಗಳಿಗೆ ಕಾರಣವಾಗಿದ್ದರೆ, ವರ್ಷಗಟ್ಟಲೆ ತಲಾವಾರು ಲೆಕ್ಕದಲ್ಲಿ ಅತಿ ಹೆಚ್ಚು ಜನ ಮಾದಕವಸ್ತುವಿನಿಂದ ಸತ್ತ ವೆಸ್ಟ್ ವರ್ಜೀನಿಯ ರಾಜ್ಯದಲ್ಲಿ ಬೀದಿಬೀದಿಗೂ ಟೆಂಟು ಇರಬೇಕಿತ್ತು. ಜನಸಂಖ್ಯೆಗೆ ಹೋಲಿಸಿದರೆ ಅಲ್ಲಿ ಮನೆಯಿಲ್ಲದವರು ಕ್ಯಾಲಿಫೋರ್ನಿಯಕ್ಕಿಂತ ಎಷ್ಟೋ ಕಡಿಮೆ. ಅಲ್ಲಿ ಬಾಡಿಗೆ ಅಗ್ಗ. ಕುಡುಕನಿಗೂ ಒಂದು ಕೋಣೆ ಸಿಗುತ್ತದೆ. ಕೆರೆ ಬತ್ತುವಾಗ ಮೊದಲು ಸಾಯುವುದು ದಡದಂಚಿನ ಬಡಕಲು ಮೀನು, ಹಾಗೆಂದು ಬಡಕಲಾಗಿದ್ದಕ್ಕೇ ನೀರು ಬತ್ತಿತು ಎಂದು ಯಾರೂ ಹೇಳುವುದಿಲ್ಲ. ಕಾಯಿಲೆ, ಚಟ, ವಿಚ್ಛೇದನ, ಜೈಲು, ಇವು ಯಾರು ಬೀಳುತ್ತಾರೆಂದು ತೀರ್ಮಾನಿಸುತ್ತವೆ. ಎಷ್ಟು ಜನ ಬೀಳುತ್ತಾರೆಂದು ತೀರ್ಮಾನಿಸುವುದು ಬಾಡಿಗೆ.

ಹಾಗಾದರೆ ನೀರು ಬತ್ತಿದ್ದು ಯಾವಾಗ? ಈ ಟೆಂಟುಗಳು ಅಮೆರಿಕದ ಸನಾತನ ದೃಶ್ಯವಲ್ಲ. 1930ರ ದಶಕದ ಮಹಾಕುಸಿತ ಮುಗಿದ ಮೇಲೆ ಎರಡು ತಲೆಮಾರು ಇಷ್ಟು ಜನ ಬೀದಿಯಲ್ಲಿ ಮಲಗಿರಲಿಲ್ಲ. ಆಗ ಪ್ರತಿ ದೊಡ್ಡ ಊರಿನಲ್ಲೂ ಅಗ್ಗದ ಕೋಣೆಗಳ ಹೋಟೆಲುಗಳಿದ್ದವು, ಒಂದು ಮಂಚ, ಒಂದು ಕುರ್ಚಿ, ಹೊರಗೆ ಸಾಲುಗಟ್ಟುವ ಕಕ್ಕಸು. ನಮ್ಮ ಹಳೆಯ ಮೆಜೆಸ್ಟಿಕ್ ಲಾಡ್ಜುಗಳ ಹಾಗೆ. ನಗರ ನವೀಕರಣದ ಹೆಸರಿನಲ್ಲಿ ಅಂಥ ಕೋಣೆಗಳನ್ನು ಲಕ್ಷಗಟ್ಟಲೆ ಕೆಡವಿದರು. ಸ್ಯಾನ್ ಫ್ರಾನ್ಸಿಸ್ಕೊದ ಇಂಟರ್‌ನ್ಯಾಷನಲ್ ಹೋಟೆಲಿನಿಂದ ವೃದ್ಧ ಫಿಲಿಪಿನೊ ಮತ್ತು ಚೀನಿ ಬಾಡಿಗೆದಾರರನ್ನು 1977ರ ಆಗಸ್ಟ್ 4ರ ರಾತ್ರಿ ಪೊಲೀಸರು ಹೊರದಬ್ಬಿದಾಗ, ಸಾವಿರಾರು ಜನ ಕೈಕೈ ಹಿಡಿದು ಕಟ್ಟಡದ ಸುತ್ತ ಗೋಡೆಯಾಗಿ ನಿಂತಿದ್ದರು. ಕಟ್ಟಡ ಬಿತ್ತು, ಆ ಜಾಗ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಗುಂಡಿಯಾಗಿಯೇ ಇತ್ತು.

ಅದೇ ಕಾಲಕ್ಕೆ ಮಾನಸಿಕ ಆಸ್ಪತ್ರೆಗಳು ಖಾಲಿಯಾದವು. 1955ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳು. ಅವು ಒಳ್ಳೆಯ ಜಾಗಗಳಾಗಿರಲಿಲ್ಲ, ಮುಚ್ಚಿದ್ದು ತಪ್ಪೆನ್ನಲಾರೆ. ಅವುಗಳ ಬದಲಿಗೆ ಊರೂರಿನಲ್ಲಿ ಚಿಕಿತ್ಸಾ ಕೇಂದ್ರ ಕಟ್ಟುತ್ತೇವೆಂದು 1963ರಲ್ಲಿ ಕೆನಡಿ ಕಾನೂನಿಗೆ ಸಹಿ ಹಾಕಿದರು. ಹೇಳಿದಷ್ಟನ್ನು ಎಂದೂ ಕಟ್ಟಲಿಲ್ಲ. 1980ರ ದಶಕದಲ್ಲಿ ರೇಗನ್ ಸರ್ಕಾರ ಬಡವರ ವಸತಿಗೆ ಕೊಡುವ ಹಣವನ್ನೂ ಕತ್ತರಿಸಿತು. ಕ್ಯಾಲಿಫೋರ್ನಿಯ ಮಾತ್ರ ತನ್ನದೇ ಒಂದು ಬೀಗ ಸೇರಿಸಿಕೊಂಡಿತ್ತು. 1978ರ 13ನೇ ಪ್ರಸ್ತಾಪದ ಪ್ರಕಾರ ಮನೆಯ ತೆರಿಗೆ ಕೊಂಡ ಬೆಲೆಯ ಶೇ. 1, ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಏರುವಂತಿಲ್ಲ. ಒಮ್ಮೆ ಕೊಂಡವನು ಬಿಡುವುದಿಲ್ಲ, ಹೊಸಬನಿಗೆ ಸಿಗುವುದಿಲ್ಲ. ಸ್ಯಾನ್ ಹೋಸೆಯ ವಸತಿ ಭೂಮಿಯಲ್ಲಿ ಶೇ. 94ರಷ್ಟು ಒಂಟಿ ಮನೆಗಳಿಗೆ ಮೀಸಲಾಗಿತ್ತು ಎಂದು 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಲೆಕ್ಕ ತೆಗೆದಿತ್ತು. ಏಪ್ರಿಕಾಟ್ ತೋಟಗಳ ಮೇಲೆ ಕಂಪನಿಗಳು ಬಂದವು, ಲಕ್ಷಾಂತರ ಕೆಲಸ ಬಂತು. ಮೇಲಕ್ಕೆ ಕಟ್ಟಲು ಮಾತ್ರ ಸುಲಭವಾಗಿ ಅನುಮತಿ ಸಿಗಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಟೆಂಡರ್‌ಲಾಯಿನ್ ಬಡಾವಣೆಯ ಬೀದಿಗಳ ವಿಡಿಯೊಗಳನ್ನು ನೀವು ಫೋನಿನಲ್ಲೇ ನೋಡಿರುತ್ತೀರಿ. ಅಲ್ಲಿಯ ಸೇಂಟ್ ಆಂಟನಿಯ ಊಟದ ಮನೆಯಲ್ಲಿ 1950ರಿಂದ ಬಂದವರಿಗೆಲ್ಲ ಪುಕ್ಕಟೆ ಊಟ. ನಮ್ಮ ಮಠದ ದಾಸೋಹ ಕಂಡವರಿಗೆ ಆ ಸಾಲು, ಆ ತಟ್ಟೆಯ ಸದ್ದು ಹೊಸದಲ್ಲ. ನನಗೆ ವಿಚಿತ್ರವೆನಿಸಿದ್ದು ಹೊಟ್ಟೆ ತುಂಬ ಊಟ ಸಿಗುವ ಈ ಊರಿನಲ್ಲೂ ಭಿಕ್ಷೆ ಏಕೆ ಎಂಬುದು. ಹೆದ್ದಾರಿಯಿಂದ ಇಳಿಯುವ ಪ್ರತಿ ತಿರುವಿನಲ್ಲೂ ರಟ್ಟಿನ ಫಲಕ ಹಿಡಿದ ಒಬ್ಬ ಇರುತ್ತಾನೆ. ಒಬ್ಬ ಮುದುಕನನ್ನು ಕೇಳಿಯೇಬಿಟ್ಟೆ. ಅವನಿಗೆ ಒಂದು ಕೋಣೆಯಿತ್ತು! ಅಂಗವಿಕಲರ ಸರ್ಕಾರಿ ಭತ್ಯೆ ಬರುತ್ತಿತ್ತು. ಕ್ಯಾಲಿಫೋರ್ನಿಯ ಸೇರಿಸುವುದನ್ನೂ ಕೂಡಿದರೆ ಅದು 2025ರಲ್ಲಿ ತಿಂಗಳಿಗೆ ಸುಮಾರು 1,200 ಡಾಲರ್. ಮೂರನೇ ವಾರಕ್ಕೆ ಕೈ ಖಾಲಿ. ಊಟಕ್ಕೆ ಫುಡ್ ಸ್ಟಾಂಪ್ ಇದೆ, ಆದರೆ ಅದರಲ್ಲಿ ಸೋಪು ಬರುವುದಿಲ್ಲ, ಟಾಯ್ಲೆಟ್ ಪೇಪರ್ ಬರುವುದಿಲ್ಲ, ಕಾಲುಚೀಲ ಬರುವುದಿಲ್ಲ, ನಾಯಿಗೆ ಆಹಾರ ಬರುವುದಿಲ್ಲ. ನೋಟು ಬೇಕಾದ್ದಕ್ಕೆಲ್ಲ ಫಲಕ. ಟೆಂಟಿನಲ್ಲಿರುವವರೆಲ್ಲ ಬೇಡುವುದಿಲ್ಲ, ಬೇಡುವವರೆಲ್ಲ ಟೆಂಟಿನಲ್ಲಿಲ್ಲ.

ಪೊಲೀಸರು ಅವನನ್ನು ಓಡಿಸುವುದಿಲ್ಲವೆ ಎಂದರೆ, ಫಲಕ ಹಿಡಿದು ಸುಮ್ಮನೆ ನಿಲ್ಲುವುದು ಅಲ್ಲಿ ವಾಕ್ ಸ್ವಾತಂತ್ರ್ಯ. ಕೋರ್ಟುಗಳು ಮತ್ತೆ ಮತ್ತೆ ಹಾಗೆಂದಿವೆ. ಕರ್ನಾಟಕದಲ್ಲಿ 1975ರ ಕಾಯ್ದೆಯ ಪ್ರಕಾರ ಭಿಕ್ಷಾಟನೆಯೇ ಅಪರಾಧ, ಹಿಡಿದು ನಿರಾಶ್ರಿತರ ಕೇಂದ್ರಕ್ಕೆ ಹಾಕಬಹುದು. ಅಮೆರಿಕದಲ್ಲಿ ಬೇಡಬಹುದು, ಮಲಗುವಂತಿಲ್ಲ. ಗ್ರಾಂಟ್ಸ್ ಪಾಸ್ ಎಂಬ ಆರೆಗಾನಿನ ಸಣ್ಣ ಊರಿನ ಮೊಕದ್ದಮೆಯಲ್ಲಿ 2024ರ ಜೂನ್ 28ರಂದು ಸುಪ್ರೀಂ ಕೋರ್ಟು, ಆಶ್ರಯತಾಣದಲ್ಲಿ ಜಾಗವಿಲ್ಲದಿದ್ದರೂ ಸಾರ್ವಜನಿಕ ಜಾಗದಲ್ಲಿ ಮಲಗಿದವರಿಗೆ ದಂಡ ಹಾಕಬಹುದು ಎಂದು 6–3 ಬಹುಮತದಲ್ಲಿ ತೀರ್ಪು ಕೊಟ್ಟಿತು. ಆ ವರ್ಷದ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ಅಮೆರಿಕದಲ್ಲಿ ಮನೆಯಿಲ್ಲದವರು 7,71,480. ಎಣಿಕೆ ಶುರುವಾದಂದಿನಿಂದ ಅದುವರೆಗಿನ ಅತಿ ಹೆಚ್ಚು. ಕ್ಯಾಲಿಫೋರ್ನಿಯ ಒಂದರಲ್ಲೇ ಸುಮಾರು 1,87,000, ಅವರಲ್ಲಿ ಮೂರನೇ ಎರಡರಷ್ಟು ಮಂದಿ ಸೂರಿನ ಹೊರಗೆ. ನ್ಯೂಯಾರ್ಕ್ ನಗರದಲ್ಲಿ ಮನೆಯಿಲ್ಲದವರು ಬೇಕಾದಷ್ಟಿದ್ದಾರೆ, ಟೆಂಟು ಕಡಿಮೆ. ಕೇಳಿದವರಿಗೆ ಆ ರಾತ್ರಿ ಹಾಸಿಗೆ ಕೊಡಲೇಬೇಕೆಂದು 1981ರಿಂದ ಅಲ್ಲಿಯ ನಗರಾಡಳಿತ ಕೋರ್ಟಿನ ಕಟ್ಟಳೆಗೆ ಬದ್ಧವಾಗಿದೆ. ಹೂಸ್ಟನ್ 2011ರಿಂದೀಚೆಗೆ ತನ್ನಲ್ಲಿನ ಮನೆಯಿಲ್ಲದವರ ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಮಂತ್ರವೇನೂ ಇಲ್ಲ: ಮೊದಲು ಮನೆ, ಆಮೇಲೆ ಬುದ್ಧಿವಾದ. ಮನೆ ಕೊಡಲು ಅಲ್ಲಿ ಮನೆಗಳಿದ್ದವು, ಏಕೆಂದರೆ ಕಟ್ಟಲು ಬಿಟ್ಟಿದ್ದರು.

ಕೂಪರ್ಟಿನೊದಲ್ಲಿ, ಆ್ಯಪಲ್‌ನ ಉಂಗುರದಂಥ ಕಟ್ಟಡದ ಹತ್ತಿರವೇ, ವಾಲ್ಕೊ ಎಂಬ ಸತ್ತ ಮಾಲಿನ ಜಾಗವಿದೆ. ಅಲ್ಲಿ 2,402 ಮನೆ ಕಟ್ಟಲು, ಅದರಲ್ಲಿ ಅರ್ಧ ಕಡಿಮೆ ಆದಾಯದವರಿಗೆ ಕೊಡಲು, 2018ರಲ್ಲಿ ಒಪ್ಪಿಗೆ ಸಿಕ್ಕಿತು. ಊರಿನವರ ಒಂದು ಗುಂಪು ಕೋರ್ಟಿಗೆ ಹೋಯಿತು, ಸೋತಿತು, ಕಾಲ ಕಳೆಯಿತು. ನಾನು ನೋಡಿದಾಗಲೂ ಬೇಲಿಯ ಆಚೆ ಬಯಲೇ. ಕೂಪರ್ಟಿನೊ ಎಂದರೆ ಕನ್ನಡ ಮಾತು ಕಿವಿಗೆ ಬೀಳುವ ಊರು. ಎತ್ತರದ ಕಟ್ಟಡ ಬಂದರೆ ಶಾಲೆ ಕೆಡುತ್ತದೆ, ಟ್ರಾಫಿಕ್ ಹೆಚ್ಚುತ್ತದೆ, ಮನೆಯ ಬೆಲೆ ಇಳಿಯುತ್ತದೆ ಎಂಬ ಮಾತನ್ನು ನಾನು ಅಚ್ಚ ಕನ್ನಡದಲ್ಲೇ ಕೇಳಿದೆ. ಹೇಳಿದವರು ಜಯನಗರದ ಮೂರಂತಸ್ತಿನ ವಠಾರದಲ್ಲಿ ಬೆಳೆದವರು.

ಆದ್ದರಿಂದ ಮಕ್ಕಳನ್ನು ನೋಡಲು ಆ ಕಣಿವೆಗೆ ಹೋಗುವ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ವಿನಂತಿ. ಸೇತುವೆ ನೋಡಿ, ದೇವಸ್ಥಾನ ನೋಡಿ, ಒಂದು ದಿನ ನಸುಕಿನಲ್ಲಿ ಇಪ್ಪತ್ತೆರಡನೇ ನಂಬರಿನ ಬಸ್ಸನ್ನೂ ಹತ್ತಿ. ಬಂದು ಮಗನಿಗೋ ಮಗಳಿಗೋ ಹೇಳಿ: ನಿಮ್ಮ ಊರಿನ ನಗರಸಭೆಯಲ್ಲಿ ಅಪಾರ್ಟ್‌ಮೆಂಟ್ ಯೋಜನೆಯ ವಿಚಾರಣೆ ನಡೆದಾಗ ಯಾರು ಬೇಕಾದರೂ ಎದ್ದು ಒಂದೆರಡು ನಿಮಿಷ ಮಾತಾಡಬಹುದು, ಪೌರತ್ವ ಬೇಕಿಲ್ಲ, ಗ್ರೀನ್ ಕಾರ್ಡೂ ಬೇಕಿಲ್ಲ. ಬೇಡ ಎನ್ನುವವರು ಪ್ರತಿ ಸಲವೂ ಬರುತ್ತಾರೆ. ಕಟ್ಟಿ ಎನ್ನಲು ಒಮ್ಮೆ ನೀವೂ ಹೋಗಿ.